ಒರೆಸದ ಎಲೆ

ಬೆಳಗಿನಿಂದ ಸುಧಾರಾಣಿಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹಾನಗಲ್ಲಿನಿಂದ ಶಿಗ್ಗಾವಿಗೆ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಸಂಚಿ ಬಿಚ್ಚಿ ಎಲೆಯೊಂದನ್ನು ತೆಗೆದು, ಸೆರಗಿನಿಂದ ಎರಡೂ ಬದಿ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ ಸುಣ್ಣ ಸವರಿದಾಗ ಆಕೆಯ ಮೇಲೆ ಬಂದಿತ್ತು. 'ಸವಣೂರ ಎಲಿ ಐತ್ರಿ ಅಕ್ಕಾರ, ತಗೊಳ್ರಿ' ಎಂದು ಇನ್ನೊಂದನ್ನು ಚಾಚಿದಾಗ ಬೇಡ ಎನ್ನಲು ಬಾಯಿ ಬಾರದೆ ಇಸಕೊಂಡು ಮುಷ್ಟಿಯಲ್ಲಿ ಹಿಡಿದು ಕೂತ ತನ್ನ ಮೇಲೆಯೇ ಬಂದಿತು. ಈ ಸೀಮೆಯಲ್ಲಿ ಎಲೆಯನ್ನು ಒರೆಸದೆ ಬಾಯಿಗಿಡುವವರಿಲ್ಲ. ಹೆಂಗಸರು ಸೆರಗಿಗೆ, ಗಂಡಸರು ಧೋತರದ ತೊಡೆಗೆ. ಯಾಕೆ ಎಂದರೆ ಧೂಳು ಅನ್ನುತ್ತಾರೆ. ಅವಳ ಅಪ್ಪ ಕರಿಬಸಪ್ಪನ ಧೋತರಗಳಿಗೆಲ್ಲ ಬಲತೊಡೆಯ ಮೇಲೆ ಅಂಗೈಯಗಲದ ಹಸಿರು ಕಲೆ ಇದೆ. ಅವ್ವ ಎಷ್ಟು ಬಡಿದು ಒಗೆದರೂ ಹೋಗಿಲ್ಲ. ಶಿಗ್ಗಾವಿಯಲ್ಲಿ ಇಳಿದ ಮೇಲೆ ಮುಷ್ಟಿಯ ಎಲೆಯನ್ನು ಗಟಾರದ ಕಡೆ ಎಸೆದಳು. ಎಲ್ಲಿಂದಲೋ ಬಂದ ಆಡೊಂದು ಅದನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಿತು. ಆಡು ಮುಟ್ಟದ ಸೊಪ್ಪಿಲ್ಲವಂತೆ. ಒರೆಸುವ ಉಸಾಬರಿಯೂ ಅದಕ್ಕಿಲ್ಲ.

ಲ್ಯಾಬಿನೊಳಗೆ ಕಾಲಿಟ್ಟ ಕೂಡಲೇ ಚಳಿ. ಮನುಷ್ಯರಿಗೆ ಫ್ಯಾನೂ ಇಲ್ಲದ ಕಟ್ಟಡದಲ್ಲಿ ಮಶಿನ್ನಿಗೆ ಮಾತ್ರ ಹಗಲೂ ರಾತ್ರಿ ಎ.ಸಿ. ನಿನ್ನೆ ಸಂಜೆ ಅವಳು ಪರದೆಯ ಮೇಲೆ ಎದ್ದ ಗೆರೆಯನ್ನು ನೋಡಿದ್ದಳು. ನೋಡಿ, ಮತ್ತೊಮ್ಮೆ ಹಾಕಿ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡು, ನಾರುವ ಬಾಟಲಿ ಮುಚ್ಚುವವಳ ಅವಸರದಲ್ಲಿ ಎಲ್ಲ ಮುಚ್ಚಿ ಮನೆಗೆ ಹೋಗಿದ್ದಳು. ಬೆಳಿಗ್ಗೆ ಬಂದವಳೇ ಎರಡನೆಯ ಸಲ ಹಾಕಿದ್ದರದ್ದೂ ಈಗ ಬಂದಿತ್ತು. ಗೆರೆ ಅದೇ ಜಾಗದಲ್ಲಿ ಅದೇ ಎತ್ತರಕ್ಕೆ ಎದ್ದು ನಿಂತಿತ್ತು. ಈ ಮಶಿನ್ನು ಎಲೆಯ ರಸದಲ್ಲಿರುವ ಒಂದೊಂದು ವಸ್ತುವನ್ನೂ ಬೇರೆ ಬೇರೆ ಮಾಡಿ, ಒಡೆದು, ಎರಡು ಚೂರುಗಳನ್ನು ಹಿಡಿದು ತೂಗುತ್ತದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದದ್ದು ಹೀಗೆ: ಎರಡು ಚೂರು ಅಂದರೆ ಇಬ್ಬರು ಸಾಕ್ಷಿದಾರರು, ಒಬ್ಬ ಸುಳ್ಳು ಹೇಳಬಹುದು, ಇಬ್ಬರೂ ಒಂದೇ ಗಳಿಗೆಗೆ ಬಂದು ಒಂದೇ ಮಾತು ಹೇಳಿದರೆ ನಂಬಬೇಕು. ಇಬ್ಬರೂ ಬಂದಿದ್ದರು. ಕ್ವಿನಾಲ್‌ಫಾಸ್ ಎಂದಿದ್ದರು. ಹುಳಕ್ಕೆ ಹೊಡೆಯುವ ಔಷಧ. ಇರಬಹುದಾದ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಶಿನ್ನಿಗೆ ಯಾರಪ್ಪನ ಮುಲಾಜೂ ಇಲ್ಲ ಎಂದು ಅವಳೇ ನಗುತ್ತ ಹೇಳುತ್ತಿದ್ದ ಮಾತು ಈಗ ನೆನಪಾಗಿ ನಗು ಬರಲಿಲ್ಲ.

ಮಾದರಿಯ ಚೀಲದ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆದರೆ ಹೆಸರಿಲ್ಲದಿದ್ದರೇನು, ಎಲೆಯ ಕಟ್ಟಿಗೆ ಬಿಗಿದಿದ್ದ ಬಾಳೆಯ ನಾರನ್ನು ಅವಳು ಕಸದ ಬುಟ್ಟಿಯಲ್ಲಿ ನೋಡಿದ್ದಳು. ಎರಡು ಸುತ್ತು ಸುತ್ತಿ, ಬಾಲವನ್ನು ಒಳಕ್ಕೆ ಮಡಚಿ, ಎಳೆದರೆ ಬಿಚ್ಚದ ಹಾಗೆ ಹೆಬ್ಬೆರಳಿಂದ ಒತ್ತಿದ ಗಂಟು. ಸವಣೂರಿನ ತೋಟದವರಲ್ಲಿ ಹಾಗೆ ಕಟ್ಟುವವನು ಒಬ್ಬನೇ. ಸಣ್ಣವಳಿದ್ದಾಗ ಆ ಗಂಟು ಕಲಿಸು ಎಂದು ಹಟ ಹಿಡಿದಿದ್ದಕ್ಕೆ ಅಪ್ಪ, ಹೆಣ್ಣುಮಕ್ಕಳ ಗಂಟು ಬ್ಯಾರೆ ಇರತಾವ ಎಂದು ನಕ್ಕು ಕಲಿಸಿರಲಿಲ್ಲ. ಆಮೇಲೆ ಅವಳು ಕದ್ದು ನೋಡಿ ಕಲಿತಳು. ಕಲಿತದ್ದನ್ನು ತೋರಿಸಲಿಲ್ಲ.

ಎಲೆಯ ತೋಟದವರು ಗುಂಪು ಕಟ್ಟಿಕೊಂಡಿದ್ದರು. ಮುಂಬೈಯ ದೊಡ್ಡ ವ್ಯಾಪಾರಿಯೊಬ್ಬ ಅವರ ಎಲೆಯನ್ನೆಲ್ಲ ಹಿಡಿಯಲು ತಯಾರಿದ್ದ, ವಿಷವಿಲ್ಲ ಎಂಬ ರಿಪೋರ್ಟ್ ಬೇಕು ಎಂದಿದ್ದ. ಗುಂಪಿನ ಹಿರಿಯನೆಂದು ಕರಿಬಸಪ್ಪನ ತೋಟದ ಎಲೆಯೇ ಎಲ್ಲರ ಪರವಾಗಿ ಬಂದಿತ್ತು. 'ರಿಪೋರ್ಟಿಂದೇನ್ ಚಿಂತಿ, ನನ್ನ ಮಗಳ ಅದಾಳ' ಎಂದು ಆತ ಎಲೆ ಮಾರುವ ಅಡತಿಯ ಕಟ್ಟೆಯ ಮೇಲೆ ಕೂತು ಹೇಳಿದ್ದು ಅವಳ ಕಿವಿಗೂ ಬಂದಿತ್ತು. ಆ ಮಾತಿನಲ್ಲಿ ಮೋಸವಿರಲಿಲ್ಲ, ಅದೇ ಅವಳಿಗೆ ಚುಚ್ಚುತ್ತಿತ್ತು. ಎಲೆಯಲ್ಲಿ ಏನೂ ಇಲ್ಲ ಎಂಬ ನಂಬಿಕೆ ಆತನದು, ಮಗಳು ಅದನ್ನು ಕಾಗದದ ಮೇಲೆ ಹೇಳುತ್ತಾಳೆ, ಅಷ್ಟೇ. ಮಾದರಿ ಬಂದ ದಿನವೇ ಅವಳು ಮ್ಯಾನೇಜರ್ ಮೃತ್ಯುಂಜಯನ ಹತ್ತಿರ ಹೋಗಿ, ಇದು ನಮ್ಮಪ್ಪನ ತೋಟದ್ದು, ನಾನು ಮಾಡುವುದು ಸರಿಯಲ್ಲ ಎಂದಿದ್ದಳು. ಎಲೆಗೆ ಸಹಿ ಹಾಕುವ ಅಧಿಕಾರ ಈ ಲ್ಯಾಬಿನಲ್ಲಿ ನಿಮಗೊಬ್ಬರಿಗೇ ಇರುವುದು ಮೇಡಂ, ನಂಬರಿಗೆ ಅಪ್ಪ ಅವ್ವ ಇರುವುದಿಲ್ಲ ಎಂದು ಆತ ನಕ್ಕಿದ್ದ.

ಈಗ ಆತನೇ ಕರೆಸಿದ. ನಿನ್ನೆಯ ಗೆರೆಯ ಸುದ್ದಿ ಆತನಿಗೆ ರಾತ್ರಿಯೇ ಮುಟ್ಟಿತ್ತು. ಹಿರೇಕೆರೂರಿನ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯವನು. ದನಿ ಎತ್ತಿ ಮಾತಾಡಿದವನಲ್ಲ. ಟೇಬಲ್ಲಿನ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಪೊಟ್ಟಣವೊಂದಿತ್ತು.

'ನಿಮ್ಮ ತಂದಿಯವರು ಮುಂಜಾನೆ ಬಸ್ಸಿಗೆ ಕೊಟ್ಟು ಕಳಿಸ್ಯಾರ್ರಿ. ಮೊದಲಿನ ಎಲಿ ಬಾಡಿದ್ದವಂತ. ಇವು ಛಲೋ ಅದಾವ, ಇವನ್ನ ನೋಡ್ರಿ ಅಂದ್ರು.'

'ಬಾಡಿರಲಿಲ್ರಿ ಸರ್ ಅವು.'

'ಬಾಡಿದ್ವು ಅಂತ ನಾವೂ ಅನ್ನಬಹುದಲ್ರಿ?'

ಪೊಟ್ಟಣ ಬಿಚ್ಚಿದ ಕೂಡಲೇ ಅವಳಿಗೆ ತಿಳಿಯಿತು. ಇದು ಅಪ್ಪನ ಕಟ್ಟಲ್ಲ, ಅವ್ವನ ಕೈ. ಎಲೆಗಳೆಲ್ಲ ಉಪ್ಪುನೀರಲ್ಲಿ ಅದ್ದಿ ಎತ್ತಿ, ಒಂದೊಂದನ್ನೂ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ, ದೊಡ್ಡದರ ಮೇಲೆ ಸಣ್ಣದು ಬರುವ ಹಾಗೆ ಜೋಡಿಸಿಟ್ಟವು. ಬಾಣಂತಿಗೆ ಎಲೆ ಕೊಡುವಾಗ ಹೀಗೆ ಕೊಡುತ್ತಾರೆ. ಮೊದಲ ಹೆರಿಗೆಗೆ ಅವಳು ತವರಿಗೆ ಬಂದಾಗ ಅವ್ವ ದಿನವೂ ಊಟವಾದ ಮೇಲೆ ಹೀಗೇ ತಯಾರು ಮಾಡಿ ಮಂಚದ ಅಂಚಿಗೆ ಇಡುತ್ತಿದ್ದಳು. ಸರೋಜವ್ವನಿಗೆ ಮಾದರಿ ಎಂದರೇನು ಗೊತ್ತು? ಮಗಳು ಎಲೆ ಕೇಳಿದ್ದಾಳೆ. ಮಗಳಿಗೆ ತೊಟ್ಟು ತುದಿ ಸಮೇತ ದನಕ್ಕೆ ಹಾಕಿದ ಹಾಗೆ ಎಲೆ ಕಳಿಸುವ ತಾಯಿ ಸವಣೂರಿನಲ್ಲಿ ಹುಟ್ಟಿಲ್ಲ. ಸುಧಾರಾಣಿಗೆ ಅಳು ಬಂತು, ಅಳುವಿನ ಬೆನ್ನಿಗೇ ಸಿಟ್ಟೂ ಬಂತು. ಮೃತ್ಯುಂಜಯನ ಮುಂದೆ ಎರಡನ್ನೂ ತೋರಿಸಬಾರದೆಂದು ಬಟ್ಟೆಯ ಅಂಚನ್ನು ಮತ್ತೆ ಮತ್ತೆ ಮಡಚಿದಳು.

'ತೊಳೆದದ್ದನ್ನ ತಗೊಳ್ಳಾಕ ಬರೂದಿಲ್ರಿ. ಬಳ್ಳಿಯಿಂದ ಹೆಂಗ ಬರತೈತಿ ಹಂಗ ನೋಡಬೇಕು. ನಿಯಮ ಐತಿ.'

'ತಿನ್ನೋರು ತೊಳದ ತಿಂತಾರಲ್ರಿ ಮೇಡಂ. ತಿನ್ನೋ ಹಂಗ ನೋಡಿದ್ರ ತಪ್ಪೇನು?'

'ಎಲ್ಲಾರೂ ಒರಸ್ತಾರ್ರಿ, ತೊಳಿಯೂದಿಲ್ಲ. ಬಸ್ಸಿನ್ಯಾಗ ಕುಂತು ಯಾರು ತೊಳೀತಾರ?'

ಮೃತ್ಯುಂಜಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಮಳೆಯ ಬಗ್ಗೆ ಮಾತಾಡುವವನ ಹಾಗೆ ಸಹಜವಾಗಿ, ಮೊದಲಿನ ಎಲೆಯನ್ನೇ ಮತ್ತೊಮ್ಮೆ ಮಾಡೋಣ ಎಂದ. ಈ ಸಲ ಕರಿಪುಡಿ ಸ್ವಲ್ಪ ಜಾಸ್ತಿ ಹಾಕಿ. ಎಲೆ ಹಸಿರು ಬಹಳ ಅಲ್ಲವೆ? ಹಸಿರು ಹೆಚ್ಚಿದ್ದರೆ ಪುಡಿ ಹೆಚ್ಚು ಹಾಕಬಹುದು ಎಂದು ಪುಸ್ತಕದಲ್ಲೇ ಇದೆ. ಯಾರೂ ನಿಮ್ಮನ್ನು ತಪ್ಪು ಎನ್ನುವ ಹಾಗಿಲ್ಲ. ಅವಳು ಆತನ ಮುಖ ನೋಡಿದಳು. ಆತನಿಗೆ ಇಷ್ಟು ಕೆಮಿಸ್ಟ್ರಿ ಬರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಕರಿಪುಡಿ ಎಂದರೆ ಇದ್ದಿಲಿನ ಜಾತಿಯದು; ಅರೆದ ಎಲೆಯ ರಸಕ್ಕೆ ಹಾಕಿ ಕುಲುಕಿದರೆ ಹಸಿರನ್ನೆಲ್ಲ ಹೀರಿಕೊಂಡು ರಸವನ್ನು ತಿಳಿಯಾಗಿಸುತ್ತದೆ. ಇಲ್ಲದಿದ್ದರೆ ಎಲೆಯ ಜಿಡ್ಡು ಮಶಿನ್ನಿನ ಗಂಟಲಿಗೆ ಕಟ್ಟಿಕೊಳ್ಳುತ್ತದೆ. ಆದರೆ ಪುಡಿ ಹೆಚ್ಚಾದರೆ ಹಸಿರಿನ ಜೊತೆಗೆ ಕೆಲವು ವಿಷಗಳನ್ನೂ ಅದು ತನ್ನ ಮೈಗೆ ಅಂಟಿಸಿಕೊಂಡು ತಳಕ್ಕೆ ಕೂತುಬಿಡುತ್ತದೆ. ಕ್ವಿನಾಲ್‌ಫಾಸ್ ಹಾಗೆ ಅಂಟುವ ಜಾತಿಯದು. ಒಂದು ಚಮಚೆ ಹೆಚ್ಚಿಗೆ ಹಾಕಿದರೆ ಸಾಕು. ಮೇಲಿನ ತಿಳಿಯಲ್ಲಿ ಏನೂ ಇರುವುದಿಲ್ಲ. ಮಶಿನ್ನು ಇದ್ದದ್ದನ್ನೇ ಹೇಳುತ್ತದೆ, ಅವಳೂ ಮಶಿನ್ನು ಹೇಳಿದ್ದನ್ನೇ ಬರೆಯುತ್ತಾಳೆ. ಸುಳ್ಳು ಹೇಳಿದವರು ಯಾರೂ ಇರುವುದಿಲ್ಲ.

'ಸಂಜಿ ಮುಂದ ತೋಟದಾಗ ಎಲ್ಲಾರೂ ಸೇರ್ತಾರಂತ, ನೀವ ರಿಪೋರ್ಟ್ ಒಯ್ದು ಕೊಟ್ರ ಛಂದ ಇರತೈತಿ' ಎಂದ ಮೃತ್ಯುಂಜಯ. 'ನಿಮ್ಮ ತಂದಿ ನೋಡ್ರಿ, ಎಷ್ಟು ಅಭಿಮಾನದಿಂದ ಮಾತಾಡ್ತಾರ.'

ಅಭಿಮಾನ. ಆ ಮಾತನ್ನು ಹೊತ್ತುಕೊಂಡೇ ಅವಳು ಒಳಗೆ ಬಂದಳು. ಲ್ಯಾಬಿನ ಹೊಸ ಹುಡುಗಿ ಮದಿಹಾ ಆಗಲೇ ಎಲೆ ಅರೆದು ತೂಗಿ, ದ್ರಾವಣ ಹಾಕಿ, ಉಪ್ಪು ಸುರಿದು ನಳಿಗೆಯನ್ನು ಕುಲುಕುತ್ತಿದ್ದಳು. ಉಪ್ಪು ಬಿದ್ದ ಕೂಡಲೇ ನಳಿಗೆ ಬಿಸಿಯಾಗುತ್ತದೆ. ಮದಿಹಾ ಅದನ್ನು ಚಹಾದ ಕಪ್ಪಿನಂತೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು. ಸವಣೂರಿನವಳೇ. ಅವಳ ಅಜ್ಜ ಖಾದರಸಾಬನ ತೋಟವೂ ಕರಿಬಸಪ್ಪನ ತೋಟದ ಬೇಲಿಗೆ ಹತ್ತಿದ್ದು, ಆತನೂ ಆ ಗುಂಪಿನಲ್ಲಿದ್ದಾನೆ. ಅವಳಿಗೂ ಎಲ್ಲ ಗೊತ್ತು. ಈ ಲ್ಯಾಬಿನ ಗೋಡೆಗಳು ಹಪ್ಪಳಕ್ಕಿಂತ ತೆಳು.

'ಅಕ್ಕಾರ, ಕರಿಪುಡಿ ಎಷ್ಟ ಹಾಕ್ಲಿ?' ಎಂದು ಕೇಳಿದಳು, ಕಣ್ಣು ಮೇಲೆತ್ತದೆ.

ಸುಧಾರಾಣಿ ನಳಿಗೆಯೊಳಗಿನ ಹಸಿರನ್ನು ನೋಡುತ್ತ ನಿಂತಳು. ಮಧ್ಯಾಹ್ನದ ಹೊತ್ತು ತೋಟದೊಳಗೆ ನಿಂತರೆ ಬೆಳಕು ಹೀಗೇ ಇರುತ್ತದೆ. ಚೊಗಚೆ ಮತ್ತು ನುಗ್ಗೆಯ ಮರಗಳನ್ನು ಸಾಲಾಗಿ ನೆಟ್ಟು, ಅವುಗಳ ಮೈಗೆ ಬಳ್ಳಿ ಹಬ್ಬಿಸುತ್ತಾರೆ. ಮರ ಬಳ್ಳಿಗೆ ನೆರಳು, ಊರುಗೋಲು. ತೋಟದೊಳಗೆ ಚಪ್ಪಲಿ ಹಾಕುವ ಹಾಗಿಲ್ಲ. ಬಳ್ಳಿ ಎಂದರೆ ಅವ್ವ. ಉಗುಳಬಾರದು, ಕೆಟ್ಟ ಮಾತಾಡಬಾರದು, ಮುಟ್ಟಾದ ಹೆಂಗಸರು ಬೇಲಿಯ ಆಚೆ. ಅವಳು ದೊಡ್ಡವಳಾದ ವರ್ಷ ಬೇಲಿಯ ಆಚೆ ನಿಂತು, ತಮ್ಮ ಒಳಗೆ ಓಡಾಡುವುದನ್ನು ನೋಡುತ್ತ ಹಲ್ಲು ಕಡಿದದ್ದು ಇನ್ನೂ ಹೋಗಿಲ್ಲ. ಅಷ್ಟು ಮಡಿಯ ಅವ್ವನಿಗೆ ವಿಷ ಹೊಡೆಯುವುದುಂಟೆ? ಇಲ್ಲ. ಸತ್ಯವಾಗಿಯೂ ಇಲ್ಲ. ಅಪ್ಪ ಅಡತಿಯ ಕಟ್ಟೆಯ ಮೇಲೆ ಬಳ್ಳಿಯ ಆಣೆ ಹಾಕಿ ಹೇಳುವುದು ಸುಳ್ಳಲ್ಲ. ಹಾಗಾದರೆ ಈ ಕ್ವಿನಾಲ್‌ಫಾಸ್ ಎಲ್ಲಿಂದ ಬಂತು ಎಂದು ನಿನ್ನೆ ಸಂಜೆಯಿಂದ ಅವಳ ತಲೆ ಕೊರೆಯುತ್ತಿದ್ದದ್ದು ಮದಿಹಾಳ ಕೈಯ ನಳಿಗೆಯಲ್ಲಿ ಹಸಿರು ಹನಿ ಗಾಜಿನ ಮೇಲಿಂದ ಕೆಳಗೆ ಜಾರಿದಾಗ ತಟ್ಟನೆ ನಿಂತಿತು. ಕಂಬಳಿಹುಳ. ನುಗ್ಗೆಯ ಮರಕ್ಕೆ ಗೊಂಚಲು ಗೊಂಚಲಾಗಿ ಹತ್ತುವ ಕಂಬಳಿಹುಳ. ಮುತ್ತಜ್ಜ ಬಟ್ಟೆಯ ಸೂಡಿ ಹೊತ್ತಿಸಿ ಸುಡುತ್ತಿದ್ದನಂತೆ. ಅಪ್ಪನ ಕಾಲಕ್ಕೆ ಪಂಪು ಬಂತು. ಕೊರಳಿಗೆ ಹುಳ ಬಿದ್ದು ಉರಿ ಹತ್ತಿ ಅವಳು ಅಳುತ್ತಿದ್ದರೂ ಪೈಪು ಹಿಡಿದು ನಿಂತಿದ್ದಳು. ಅಪ್ಪ ಪಂಪಿನ ನಳಿಗೆಯನ್ನು ಮೇಲಕ್ಕೆ ತಿರುಗಿಸುವ ಮೊದಲು, ಮರದ ಬುಡದಲ್ಲಿ ಬಳ್ಳಿಗೆ ಕೈ ಮುಗಿದು, 'ಇದು ನಿನಗಲ್ಲವ್ವಾ, ಮರಕ್ಕ. ತಪ್ಪು ತಿಳೀಬ್ಯಾಡ' ಎನ್ನುತ್ತಿದ್ದ. ಆಮೇಲೆ ಬಿಳಿ ಮಂಜು. ಎಲೆಯಿಂದ ಎಲೆಗೆ ಟಪಟಪ ಹನಿ. ಒದ್ದೆಯಾದ ಎಲೆಗಳು ಎಷ್ಟು ಛಂದ ಕಾಣುತ್ತಿದ್ದವು! ಅವಳು ಬಾಯಿಬಿಟ್ಟು ನೋಡುತ್ತಿದ್ದಳು. ಮರುದಿನ ಅದೇ ಎಲೆ ಕೊಯ್ದು ಕಟ್ಟಿ ಯಲವಿಗಿ ಸ್ಟೇಷನ್ನಿಗೆ ಕಳಿಸುತ್ತಿದ್ದರು.

ಅವಳಿಗೆ ಗೊತ್ತಿತ್ತು. ಎಂ.ಎಸ್ಸಿ. ಮಾಡಿದವಳಿಗೆ, ಹನಿ ಮೇಲಿಂದ ಕೆಳಗೆ ಬೀಳುತ್ತದೆ ಎಂದು ಗೊತ್ತಿರಲಿಲ್ಲವೆ? ಗೊತ್ತಿದ್ದರೂ ಇಷ್ಟು ವರ್ಷ, ಮನೆಯಲ್ಲಿ ಮಾತು ಬಂದಾಗಲೆಲ್ಲ, ನಮ್ಮ ಬಳ್ಳಿಗೆ ಏನೂ ಹೊಡೆಯುವುದಿಲ್ಲ ಎಂದು ಗಂಡನ ಮನೆಯವರ ಮುಂದೆ ಅವಳೂ ಎದೆ ತಟ್ಟಿ ಹೇಳಿದ್ದಳು. ಬೇರೆಯವರ ಮಾವಿನಹಣ್ಣಿನಲ್ಲಿ, ಬೇರೆಯವರ ಬದನೆಕಾಯಿಯಲ್ಲಿ ಗೆರೆ ಎದ್ದರೆ ಎಂಥ ಜನ ಎಂದು ಲೊಚಗುಟ್ಟುತ್ತಿದ್ದವಳು ತಾನೇ. ನಾಚಿಕೆಯಾಯಿತು. ನಾಚಿಕೆಯೇ ಸಿಟ್ಟಾಯಿತು, ಈ ಸಲ ಯಾರ ಮೇಲೆ ಎಂಬುದು ಗೊತ್ತಿತ್ತು. ಒಂದು ಚಮಚೆ ಪುಡಿ ಹಾಕಿ ತಳಕ್ಕೆ ಕೂಡಿಸಿ ಮೇಲಿನ ತಿಳಿಯನ್ನು ಮಾತ್ರ ಕುಡಿಯುವ ಈ ಇಡೀ ರೂಢಿಯ ಮೇಲೆ.

'ಯಾವಾಗ್ಲೂ ಎಷ್ಟ ಹಾಕ್ತಿ ಅಷ್ಟ ಹಾಕು' ಎಂದಳು. 'ಮತ್ತ ಇನ್ನೊಂದು ಕೆಲಸ ಮಾಡೂಣು ಬಾ.'

ಲ್ಯಾಬಿನ ಹಿಂಬಾಗಿಲ ಹತ್ತಿರ, ನೀರಿನ ಟಾಕಿಯ ಕೆಳಗೆ, ಕುಂಡದಲ್ಲಿ ಅವಳೇ ಬೆಳೆಸಿದ ಬಳ್ಳಿಯೊಂದಿತ್ತು. ಗೋಡೆಗೆ ಹಬ್ಬಿದ್ದು, ಮೇಲೆ ಮರವಿಲ್ಲ, ಔಷಧವಿಲ್ಲ. ಅದರ ಎಲೆಗೆ ತಾವೇ ಅಳೆದು ಕ್ವಿನಾಲ್‌ಫಾಸ್ ಬೆರೆಸಿ, ಎರಡು ನಳಿಗೆ ಮಾಡಿ, ಒಂದಕ್ಕೆ ಎಂದಿನಷ್ಟು ಪುಡಿ, ಇನ್ನೊಂದಕ್ಕೆ ಮೃತ್ಯುಂಜಯ ಹೇಳಿದ ಹಾಗೆ ಹೆಚ್ಚು ಹಾಕಿದರು. ಹಾಕಿದ್ದು ಎಷ್ಟು ತಿರುಗಿ ಬರುತ್ತದೆ ಎಂದು ನೋಡುವ ಪರೀಕ್ಷೆ. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಉತ್ತರ ಬಂತು. ಮೊದಲನೆಯದರಲ್ಲಿ ಹಾಕಿದ್ದೆಲ್ಲ ಹೆಚ್ಚುಕಡಿಮೆ ವಾಪಸು ಬಂದಿತ್ತು. ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. ಅಪ್ಪನ ಎಲೆಯದು ಮತ್ತೆ ಅದೇ ಗೆರೆ, ಅದೇ ಎತ್ತರ. ಮದಿಹಾ ರೊಟ್ಟಿ ಮುರಿಯದೆ ಪರದೆ ನೋಡುತ್ತ ಕೂತಿದ್ದಳು.

'ನಮ್ಮಜ್ಜಗ ಏನಂತ ಹೇಳ್ಲಿ ಅಕ್ಕಾರ?'

'ನೀ ಏನೂ ಹೇಳಬ್ಯಾಡ. ನಾ ಹೇಳ್ತೇನಿ.'

ಮೂರೂ ಗೆರೆಗಳ ಕಾಗದ ಹಿಡಿದುಕೊಂಡು ಅವಳು ಮೃತ್ಯುಂಜಯನ ಟೇಬಲ್ಲಿನ ಮೇಲಿಟ್ಟಳು. ಆತ ಓದಿದ. ಓದಿದ ಮೇಲೂ ಓದುತ್ತಿರುವವನ ಹಾಗೆ ಕಣ್ಣು ಅಲ್ಲೇ ಇಟ್ಟಿದ್ದ. ಅವ್ವನ ಒದ್ದೆ ಬಟ್ಟೆಯ ಪೊಟ್ಟಣ ಇನ್ನೂ ಅಲ್ಲೇ ಇತ್ತು, ಟೇಬಲ್ಲಿನ ಗಾಜಿನ ಮೇಲೆ ನೀರು ಇಳಿದಿತ್ತು.

'ಇದನ್ನ ನನಗ್ಯಾಕ ತೋರಿಸ್ತೀರಿ?'

'ಪುಡಿ ಜಾಸ್ತಿ ಹಾಕಿದ್ರ ನಾವ ಹಾಕಿದ್ದ ವಿಷಾನೂ ಸಿಗೂದಿಲ್ಲ ಅಂತ ತೋರ್ಸಾಕ. ಯಾರಾರ ಕೇಳಿದ್ರ ನಾ ಇದನ್ನ ತೋರಸ್ತೇನಿ. ಎಲಿ ಫೇಲ್ ಅಂತ ಸಹಿ ಹಾಕೇನ್ರಿ.'

'ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರ ನೋಡ್ರಿ' ಎಂದು ಮೃತ್ಯುಂಜಯ ನಕ್ಕ. ನಗು ಮುಖಕ್ಕೆ ಹೊಂದಿರಲಿಲ್ಲ. 'ನಾಳಿಂದ ಈ ಕಡಿ ತೋಟದವರು ಒಬ್ಬರೂ ಬರೂದಿಲ್ಲ. ಸಹಿ ಹಾಕೋರು ನಿಮ್ಮ ಬದಲಿ ಬ್ಯಾರೆಯವರನ್ನ ತಯಾರ ಮಾಡೂದು ನನಗೂ ಬರತೈತಿ ಮೇಡಂ.'

'ಮಾಡ್ರಿ. ತಯಾರ ಆಗೋತನಕ ನಾನ ಹಾಕ್ತೇನಿ.'

ಹೊರಗೆ ಬಂದಳು. ಅಷ್ಟು ಗಟ್ಟಿಯಾಗಿ ಮಾತಾಡಿದವಳು ತಾನೇ ಹೌದೋ ಅಲ್ಲವೋ ಎನ್ನಿಸಿತು. ಸವಣೂರಿನ ಬಸ್ಸಿನಲ್ಲಿ ನಿಂತುಕೊಂಡೇ ಹೊರಟಳು. ಕಂಬಿ ಹಿಡಿದ ಕೈಯಲ್ಲಿ ಚೀಲ, ಚೀಲದಲ್ಲಿ ರಿಪೋರ್ಟು. ಕಿಟಕಿಯಾಚೆ ಗೋವಿನಜೋಳದ ಹೊಲಗಳು. ಹೋದ ತಿಂಗಳು ರಟ್ಟೀಹಳ್ಳಿಯಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಊಟವಾದ ಮೇಲೆ ಎಲೆಯ ತಬಕು ಎಲ್ಲರ ಮುಂದೆ ಬಂದು ಅವಳ ಮುಂದೆ ಬರಲಿಲ್ಲ. 'ಸುಧಾಗ ಕೊಡಬ್ಯಾಡ್ರಿ, ಮೊದಲ ಟೆಸ್ಟ್ ಮಾಡ್ತಾಳ' ಎಂದು ಚಿಗವ್ವ ಹೇಳಿದ್ದಕ್ಕೆ ಪಂಕ್ತಿಯೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು. ಯಾಕೆ ನಕ್ಕೆ? ನಗಬೇಕಾದ್ದೇನಿತ್ತು? ನಗುವ ಬದಲು ತಬಕು ಕಸಿದುಕೊಂಡು, ಹೌದು, ಟೆಸ್ಟ್ ಮಾಡುತ್ತೇನೆ, ನಿಮ್ಮ ಹೊಟ್ಟೆಗೇ ಹೋಗುವುದು ಇದು ಎನ್ನಬೇಕಾಗಿತ್ತು. ಉತ್ತರಗಳೆಲ್ಲ ಅವಳಿಗೆ ಬಸ್ಸಿನಲ್ಲೇ ಹೊಳೆಯುತ್ತವೆ. ಇವತ್ತು ಮಾತ್ರ ಬಸ್ಸು ಇಳಿಯುವವರೆಗೆ ಕಾಯಬಾರದು ಎಂದು, ಅಪ್ಪನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು. ಒಮ್ಮೆ ಗಟ್ಟಿಯಾಗಿಯೇ ಅಂದುಬಿಟ್ಟಳೋ ಏನೋ, ಕಂಡಕ್ಟರ್ ತಿರುಗಿ ನೋಡಿದ.

ಬೇಲಿಯ ಹತ್ತಿರ ಚಪ್ಪಲಿಗಳು ಸಾಲಾಗಿದ್ದವು. ಅವಳೂ ಬಿಟ್ಟಳು. ಒಳಗೆ ಮಣ್ಣು ತಂಪಾಗಿತ್ತು. ಅಂಗಾಲಿಗೆ ಆ ತಂಪು ತಾಗಿದ ಕೂಡಲೇ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಸಡಿಲಾಯಿತು. ಇದು ತನ್ನ ತೋಟ, ತಾನು ಬೆಳೆದದ್ದು ಇದರ ಎಲೆಯ ಮೇಲೆ, ಓದಿದ್ದೂ ಇದರ ಮೇಲೆಯೇ. ಬಾವಿಯ ಕಟ್ಟೆಯ ಮೇಲೆ ಅಪ್ಪ, ಖಾದರಸಾಬ, ಇನ್ನೂ ಕೆಲವರು ಕೂತಿದ್ದರು. ಸರೋಜವ್ವ ಚಹಾದ ಕಿಟ್ಲಿ ಹಿಡಿದು ಹಿಂದೆ ನಿಂತಿದ್ದಳು.

'ಬಾ ಸುಧಾ. ತಂದಿಯೇನು?' ಅಪ್ಪನ ಮುಖದ ತುಂಬ ನಗು.

'ತಂದೇನಿ. ಎಲ್ಯಾಗ ವಿಷ ಐತಪ್ಪ.'

ನಗು ಹೋಗಲು ತುಸು ಹೊತ್ತು ಬೇಕಾಯಿತು. ಯಾರೋ ಚಹಾದ ಬಸಿ ಕೆಳಗಿಟ್ಟರು. ಕರಿಬಸಪ್ಪ ಎದ್ದು ಹತ್ತಿರದ ಬಳ್ಳಿಯ ಮೇಲೆ ಅಂಗೈ ಇಟ್ಟ.

'ಈಕಿನ್ನ ಮುಟ್ಟಿ ಹೇಳ್ತೇನಿ. ನಮ್ಮಜ್ಜನ ಕಾಲದಿಂದ ಈಕಿಗೆ ಒಂದ ಹನಿ ವಿಷ ಹೊಡದಿಲ್ಲ. ಸುಳ್ಳಾದ್ರ ನನ್ನ ನಾಲಿಗಿ ಸೇದಿ ಹೋಗ್ಲಿ.'

'ನೀ ಸುಳ್ಳ ಹೇಳಿಲ್ಲ. ಮರಕ್ಕ ಏನ ಹೊಡದಿ?'

ಉತ್ತರ ಕೊಟ್ಟವನು ಖಾದರಸಾಬ. 'ಮರಕ್ಕಂದ್ರ, ಕಂಬಳಿಹುಳಕ್ಕ ಹೊಡೀತೀವವ್ವ. ಎಲ್ಲಾರೂ ಹೊಡೀತಾರ. ಅದು ಮರಕ್ಕಲ್ಲ?'

'ಮರ ಎಲ್ಲೈತಿ ಅಜ್ಜಾ? ಬಳ್ಳಿ ಎಲ್ಲೈತಿ?'

ಕೂತವರೆಲ್ಲ ಒಮ್ಮೆಗೇ ತಲೆ ಎತ್ತಿ ಮೇಲೆ ನೋಡಿದರು. ಹುಟ್ಟಿದಾಗಿನಿಂದ ಅದೇ ಮರಗಳ ಕೆಳಗೆ ಓಡಾಡಿದ ಜನ. ನುಗ್ಗೆಯ ಸಣ್ಣ ಎಲೆಗಳು ಅಲುಗುತ್ತಿದ್ದವು, ಅವುಗಳ ಕೆಳಗೆ ವೀಳ್ಯದೆಲೆಗಳು ಅಂಗೈ ಚಾಚಿದಂತೆ ಮೇಲ್ಮುಖವಾಗಿ ಹರಡಿಕೊಂಡಿದ್ದವು.

'ಕೈ ಮುಗದ ಹೊಡದೇನಿ' ಎಂದ ಕರಿಬಸಪ್ಪ. ದನಿ ಇಳಿದಿತ್ತು.

'ಕೈ ಮುಗದದ್ದು ಔಷಧಕ್ಕ ಗೊತ್ತಿಲ್ಲಪ್ಪ. ನಾ ಪೈಪ್ ಹಿಡಕೊಂಡು ನಿಂತಿದ್ದೆ, ನೋಡೇನಿ. ನಾನೂ ಸುಮ್ನಿದ್ದೆ. ಇನ್ನ ಸುಮ್ನ ಇರೂದಿಲ್ಲ. ಮರ ಕಡೀರಿ ಅನ್ನೂದಿಲ್ಲ. ಹೊಡಿಯೂದು ಬಿಡ್ರಿ, ಸೂಡಿ ಹಚ್ರಿ, ಏನರ ಮಾಡ್ರಿ. ಆಮ್ಯಾಲೆ ಕೊಡ್ರಿ, ಮತ್ತ ನೋಡ್ತೇನಿ.'

ಅಷ್ಟು ಹೇಳಿದ್ದೇ ಆತನ ಮೈಗೆ ಬೆಂಕಿ ಹತ್ತಿದಂತಾಯಿತು. ಅಪ್ಪನ ಎಲೆಗೆ ವಿಷ ಅನ್ನಲಿಕ್ಕೆ ಓದಿಸಿದೆನೇನು, ನಾಲ್ಕು ಮಂದಿಯಾಗ ತಲಿ ತಗ್ಗಿಸಲಿಕ್ಕೆ ಓದಿಸಿದೆನೇನು ಎಂದು ಕೂಗಾಡಿದ. ನಾನು ದಿನಾ ಇದನ್ನೇ ತಿನ್ನುತ್ತೇನೆ, ನನ್ನಪ್ಪ ಇದನ್ನೇ ತಿಂದು ಬದುಕಿದ, ಯಾರು ಸತ್ತರು ಹೇಳು ಎಂದ. ಎಂದವನೇ ಎಲೆ ಕೊಯ್ಯಲೆಂದು ಹೆಬ್ಬೆರಳಿಗೆ ತೊಟ್ಟಿದ್ದ ಕಬ್ಬಿಣದ ಉಗುರಿನಿಂದ ಎಲೆಯೊಂದನ್ನು ಚಕ್ಕನೆ ಕತ್ತರಿಸಿದ. 'ನೋಡ, ನಿನ್ನ ಮುಂದ ತಿಂತೇನಿ.' ಎಲೆ ಹಿಡಿದ ಕೈ ತಾನಾಗಿಯೇ ಬಲತೊಡೆಯ ಹಸಿರು ಕಲೆಯ ಕಡೆಗೆ ಇಳಿಯಿತು.

'ಒರಸಬ್ಯಾಡ' ಎಂದಳು ಸುಧಾರಾಣಿ. 'ಏನೂ ಇಲ್ಲಂದ್ರ ಯಾಕ ಒರಸ್ತಿ? ಹಂಗ ತಿನ್ನು.'

ಕೈ ನಿಂತಿತು. ತೊಡೆಗೆ ತಾಗಲಿಲ್ಲ, ಬಾಯಿಗೂ ಏರಲಿಲ್ಲ. ಎಷ್ಟೋ ವರ್ಷ ಒಂದೇ ದಾರಿಯಲ್ಲಿ ಓಡಾಡಿದ ಕೈ ನಡುವೆ ನಿಂತು ಏನು ಮಾಡಬೇಕೆಂದು ತಿಳಿಯದೆ ಎಲೆ ಹಿಡಿದೇ ಇತ್ತು. ಅದನ್ನು ನೋಡಲಾರದೆ ಅವಳಿಗೆ ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಲಿಲ್ಲ.

'ಬ್ಯಾಡ್ರಿ' ಎಂದಳು ಸರೋಜವ್ವ ಹಿಂದಿನಿಂದ. ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು. 'ತಿನ್ನಬ್ಯಾಡ್ರಿ.'

ಗಂಡ ಹೆಂಡತಿಯ ಮುಖ ನೋಡಿದ. ಉಪ್ಪುನೀರಲ್ಲಿ ಅದ್ದಿ ಅದ್ದಿ ಒರೆಸಿ ಕೊಡುತ್ತಿದ್ದವಳು ಆಕೆಯೇ. ಸುಧಾರಾಣಿ ಚೀಲದಿಂದ ಮಾದರಿಯ ಪ್ಲಾಸ್ಟಿಕ್ ಕವರು ತೆಗೆದು ಬಾಯಿ ಬಿಚ್ಚಿ ಹಿಡಿದಳು. ಕರಿಬಸಪ್ಪ ಕೈಯಲ್ಲಿದ್ದ ಎಲೆಯನ್ನು, ತೊಟ್ಟು ತುದಿ ಸಮೇತ, ಅದರೊಳಗೆ ಹಾಕಿದ.

'ಸಾಕೇನು?'

'ಸಾಲೂದಿಲ್ಲ. ಅರ್ಧ ಕಿಲೋ ಬೇಕು.'

ಆತ ಏಣಿ ಎಳೆದುಕೊಂಡು ಮರಕ್ಕೆ ಆನಿಸಿ ಏರಿದ. ಬೇರೆಯವರು ಸಹಾಯಕ್ಕೆ ಎದ್ದರೆ ಕೂಡ್ರಿ ಎಂದು ಗದರಿದ. ಒಂದೊಂದಾಗಿ ಕತ್ತರಿಸಿ ಕೆಳಗೆ ಚಾಚಿದ, ಅವಳು ಒಂದೊಂದಾಗಿ ತುಂಬಿದಳು. ಸರೋಜವ್ವ ರೂಢಿಯಂತೆ ಎಲೆಗಳಿಗೆ ಚಿಮುಕಿಸಲು ನೀರಿನ ತಂಬಿಗೆ ತಂದವಳು ತಾನೇ ಹಿಂದಕ್ಕೆ ಒಯ್ದಳು. ಕವರು ತುಂಬಿದ ಮೇಲೆ ಸುಧಾರಾಣಿ ಬಾಯಿ ಮಡಚಿ, ಟೇಪು ಅಂಟಿಸಿ, ಬಾಳೆಯ ನಾರು ತೆಗೆದುಕೊಂಡು ಎರಡು ಸುತ್ತು ಸುತ್ತಿ, ಬಾಲವನ್ನು ಒಳಕ್ಕೆ ಮಡಚಿ ಹೆಬ್ಬೆರಳಿಂದ ಒತ್ತಿದಳು. ಅಪ್ಪ ಏಣಿಯ ಮೇಲಿಂದಲೇ ಆ ಗಂಟನ್ನು ನೋಡಿದ.

'ಇದನ್ನ ಯಾರ ನೋಡ್ತಾರ?' ಎಂದು ಕೇಳಿದ, ಇಳಿಯುತ್ತ.

'ನಾನ ನೋಡ್ತೇನಿ.'

ಪೆನ್ನು ಕೊಟ್ಟಳು. ಟೇಪಿನ ಮೇಲೆ ಅರ್ಧ, ಕವರಿನ ಮೇಲೆ ಅರ್ಧ ಬರುವ ಹಾಗೆ ಆತ ಒತ್ತಿ ಸಹಿ ಹಾಕಿದ. ಪೆನ್ನು ಕೊಡದೆ ಹಾಗೇ ಹಿಡಿದುಕೊಂಡಿದ್ದ.

'ನಿಮ್ಮ ಸಾಹೇಬ ಮಧ್ಯಾಹ್ನ ಫೋನ್ ಮಾಡಿದ್ದ' ಎಂದ. 'ಎಲ್ಯಾಗ ಏನಿದ್ರೂ ಚಿಂತಿಲ್ಲ, ಅದೇನೋ ಕರಿಪುಡಿ ಐತಿ, ಹಾಕಿದ್ರ ಹೋಗತೈತಿ, ಮಗಳಿಗೆ ನೀವ ಒಂದ ಮಾತ ಹೇಳ್ರಿ ಅಂದ. ಇದ್ರ ತಾನ ಹೋಗೂದು ಅಂತ ನಾ ನಕ್ಕೆ.' ಆತ ಬಳ್ಳಿಯ ಕಡೆಗೆ ನೋಡಿದ, ಕೈ ಮುಗಿಯಲಿಲ್ಲ. 'ಇದರಾಗ ಇಲ್ಲ ಅಂತ ಈಗೂ ಅಂತೇನಿ. ಇದ್ರ ಇರ್ಲಿ, ಇದ್ದಷ್ಟೂ ಬರಿ. ಆ ಪುಡಿ ಮಾತ್ರ ಒಂದ ಕಾಳೂ ಜಾಸ್ತಿ ಹಾಕಬ್ಯಾಡ.'